ಮಂಚದ ಪಕ್ಕದ ಕುರ್ಚಿ

"ಹಿಂದಿನವ್ರು ಎದ್ದ ನಿಂದರ್ರಿ, ಎಲ್ಲಾರ ಮಾರಿನೂ ಕಾಣಬೇಕು" ಎನ್ನುತ್ತ ಪಾಸ್ಟರ್ ಎಲೀಷ ಮೊಬೈಲು ಎತ್ತಿ ಹಿಡಿದ. ಹುನಗುಂದದ ಆ ತಗಡಿನ ಪ್ರಾರ್ಥನಾ ಮಂದಿರ ಇಷ್ಟು ತುಂಬಿದ್ದನ್ನು ಅವನೆಂದೂ ಕಂಡಿರಲಿಲ್ಲ. ನಡುವೆ ಬಾಗಲಕೋಟೆಯಿಂದ ಬಂದ ಹಿರಿಯ ಪಾಸ್ಟರು ಕೂತಿದ್ದರು. ಪ್ರತಿ ಭಾನುವಾರ ಸಭೆಯ ಫೋಟೋ ಜಿಲ್ಲೆಯ ಪಾಸ್ಟರುಗಳ ವಾಟ್ಸಾಪ್ ಗುಂಪಿಗೆ ಹೋಗಬೇಕು. ದೇವರು ಹೃದಯ ನೋಡುತ್ತಾನೆ, ಹಿರಿಯರು ಫೋಟೋ ನೋಡುತ್ತಾರೆ. ಎಲೀಷನ ಫೋಟೋದಲ್ಲಿ ಮಂದಿಗಿಂತ ಗೋಡೆಯೇ ಹೆಚ್ಚು ಕಾಣುತ್ತಿತ್ತು. ಅದನ್ನು ಕಳಿಸುವಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು. ಸಭೆ ಬೆಳೆಯದಿದ್ದರೆ ಮುಚ್ಚುವುದೇ ಸೈ ಎಂದು ಹೋದ ತಿಂಗಳು ಹಿರಿಯರು ಅಂದಿದ್ದರು.

ಅದಕ್ಕೇ ಅಮೀನಗಡದ ತನ್ನ ಬೀಗರ ಓಣಿಯವರನ್ನು ಟೆಂಪೋದಲ್ಲಿ ಕರೆಸಿದ್ದ. ಗೋಧಿ ಹುಗ್ಗಿಯ ಊಟ ಎಂದರೆ ಯಾರು ಬೇಡ ಅಂದಾರು? ಮಂದಿಯೇನೋ ಸಿಕ್ಕರು, ಕುರ್ಚಿ ಸಾಲಲಿಲ್ಲ. ಸಭೆಯವರ ಮನೆಗಳಿಂದ ಕುರ್ಚಿ ತರುತ್ತ ಶನಿವಾರ ಹನಮವ್ವನ ಮನೆಗೂ ಹೋದ.

ಅವಳ ಮನೆಯಲ್ಲಿದ್ದ ಒಂದೇ ಒಂದು ಕೆಂಪು ಕುರ್ಚಿ ಅವನದೇ ಅನ್ನಬೇಕು. ಹಾಸಿಗೆ ಹಿಡಿದ ಗಂಡ ಗಾಳೆಪ್ಪನ ಮಂಚದ ಪಕ್ಕ ಅದು ಸದಾ ಇರುತ್ತಿತ್ತು. ದಿನಾ ಸಂಜೆ ಎಲೀಷ ಅದರ ಮೇಲೆ ಕೂತು, ಗಾಳೆಪ್ಪನ ಕೈ ಹಿಡಿದು ಪ್ರಾರ್ಥಿಸುತ್ತಿದ್ದ.

"ಅಯ್ಯನೋರ, ಇವತ್ತ ಭಾಳ ತ್ರಾಸ ಮಾಡ್ಕೊಳ್ಳಾಕತ್ತಾರ. ಜೀವಾ ಹೋಗೂ ಮುಂದ ನೀವು ಬಾಜೂಕ ಇರಬೇಕಂತ" ಎಂದಳು ಹನಮವ್ವ.

"ನಾಳಿ ಸಭಾ ಮುಗುದ ಕೂಡ್ಲೇ ಬರ್ತೇನಿ, ಯವ್ವಾ" ಎಂದು ಹೇಳಿ ಕುರ್ಚಿ ಹೊತ್ತುಕೊಂಡು ಹೊರಟಿದ್ದ.

ಈಗ ಫೋಟೋ ತೆಗೆಯುವಾಗಲೇ ಹನಮವ್ವನ ಫೋನು ಬಂತು. ಎಲೀಷ ಅದನ್ನು ಕಟ್ ಮಾಡಿ ಫೋಟೋ ತೆಗೆದ. ಕಳಿಸಿದ ಮೇಲೆ ಗುಂಪಿನ ತುಂಬ ಶಹಬ್ಬಾಸ್‌ಗಿರಿ. "ಇದಕ್ಕ ಸೇವಾ ಅಂತಾರ ನೋಡ್ರಿ" ಎಂದು ಹಿರಿಯರು ಬೆನ್ನು ತಟ್ಟಿದಾಗ ಅವನ ಎದೆ ತುಂಬಿ ಬಂತು. ಅವರನ್ನು ಉಣ್ಣಿಸಿ ಕಳಿಸುವಷ್ಟರಲ್ಲಿ ಹೊತ್ತು ಇಳಿದಿತ್ತು.

ಕೆಂಪು ಕುರ್ಚಿ ಹೊತ್ತು ಬಂದಾಗ ಹನಮವ್ವನ ಅಂಗಳದಲ್ಲಿ ತೊಳೆದ ಮಂಚವನ್ನು ಗೋಡೆಗೆ ಒರಗಿಸಿದ್ದರು. ಸಭೆಗೆ ಸೇರದೇ ಉಳಿದಿದ್ದ ಗಾಳೆಪ್ಪನ ಅಣ್ಣ ಕಲ್ಲೇಶ ಕಟ್ಟೆಯ ಮೇಲೆ ಕೂತಿದ್ದ.

"ನಿಮ್ಮ ಹಾದಿ ನೋಡಿ ನೋಡಿ ಸಾಕಾತ್ರಿ. ನಮ್ಮ ಪದ್ಧತಿಲೇ ಮಣ್ಣ ಮಾಡಿ ಬಂದಿವಿ" ಎಂದ.

ಹನಮವ್ವ ಬಾಗಿಲಿಗೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

"ಕಡೀಕ ಕಣ್ಣ ತಗದ್ರು, ಅಯ್ಯನೋರ. ನೀವು ಕುಂದ್ರೂ ಕಡೆ ಹೊಳ್ಳಿ ನೋಡಿದ್ರು. ಕುರ್ಚಿನೂ ಇರಲಿಲ್ಲ."

ಬಾ ಎಂದು ಯಾರೂ ಕರೆಯಲಿಲ್ಲ. ಕುರ್ಚಿಯ ಮೇಲೆ ಯಾರೋ ಚೆಲ್ಲಿದ ಹುಗ್ಗಿ ಒಣಗಿ ಅಂಟಿಕೊಂಡಿತ್ತು. ಎಲೀಷ ಕುರ್ಚಿಯನ್ನು ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು, ಅಂಗಿಯ ತುದಿಯಿಂದ ಉಜ್ಜತೊಡಗಿದ.