ಹಳೇ ಕಂಪ್ಯೂಟರಿಗೆ ಒಗ್ಗುವ ಕಂಪೈಲರ್

ಬನಶಂಕರಿಯ ಜಯಶೀಲಾ ಅವರು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಮಗಳು ಸಿರಿ ಬಟ್ಟೆ ಅಂಗಡಿ ಇಡಲೆಂದು ಹುಳಿಮಾವು ಕೆರೆಯ ಹತ್ತಿರ ನೆಲಮಹಡಿಯ ಮಳಿಗೆಯೊಂದನ್ನು ನೋಡಿ ಬಂದಳು. ಜೋರು ಮಳೆ ಬಂದರೆ ಅಲ್ಲಿ ನೀರು ನುಗ್ಗುತ್ತದೆಯೇ ಎಂಬುದು ತಾಯಿಯ ಚಿಂತೆ. ಕೇಳಿದವರೆಲ್ಲ ಒಂದೊಂದು ಹೇಳಿದರು. ಕೊನೆಗೆ ಜಯಶೀಲಾ ತಾವೇ ಲೆಕ್ಕ ಹಾಕಲು ಕೂತರು. ಆ ಕಡೆಯ ಏರುತಗ್ಗಿನ ಅಂಕಿಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕವು. ನೀರು ಹರಿಯುವ ದಾರಿ ತೋರಿಸುವ ಪ್ರೋಗ್ರಾಮನ್ನೂ ಬರೆದರು.

ತೊಡಕಾದದ್ದು ಕಂಪೈಲರಿನದು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲು ಅದು ಬೇಕೇ ಬೇಕು. ಅವರ ಪಾಠದ ದಿನಗಳ ಕಂಪೈಲರು ಅಷ್ಟು ದೊಡ್ಡ ನಕ್ಷೆ ಕಂಡೊಡನೆ ಕೈಚೆಲ್ಲಿತು. ಮನೆಯ ಹಳೇ ಕಂಪ್ಯೂಟರಿನಲ್ಲಿ ಮೆಮೊರಿ ಉಳಿದಿದ್ದರೂ ಅದನ್ನು ಮುಟ್ಟುವ ತಾಕತ್ತು ಅದಕ್ಕಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುವುದರ ಬೆಲೆ ನೋಡಿ ಜಯಶೀಲಾ ಆ ಪುಟವನ್ನೇ ಮುಚ್ಚಿದರು. ಪುಕ್ಕಟೆಯದೊಂದನ್ನು ಹಾಕಿಕೊಂಡರೆ, ಅದರ ಬಣ್ಣಬಣ್ಣದ ಕಿಟಕಿಗಳೇ ಮೆಮೊರಿಯನ್ನೆಲ್ಲ ನುಂಗಿ ಕೂತವು.

ಹೊಸ ಲ್ಯಾಪ್‌ಟಾಪ್ ತಗೊಳ್ಳೋಣ ಎಂದಳು ಸಿರಿ.

"ನೆಗಡಿ ಬಂತು ಅಂತ ಮೂಗು ಕುಯ್ಕೋತಾರೇನೇ? ಸುಮ್ನಿರು," ಎಂದು ತಾಯಿ ಮತ್ತೆ ಹುಡುಕಿದರು.

ಕಡೆಗೆ ಸಿಕ್ಕಿದ್ದು ಯಾವ ಅಲಂಕಾರವೂ ಇಲ್ಲದ್ದು: ಕಪ್ಪು ಪರದೆ, ಟೈಪ್ ಮಾಡಿದರಷ್ಟೇ ಕೆಲಸ, ಖರ್ಚಿಲ್ಲ. ತಾನು ಮೂಲೆಯಲ್ಲಿ ಮುದುರಿಕೊಂಡು ಮಿಕ್ಕ ಜಾಗವನ್ನೆಲ್ಲ ಪ್ರೋಗ್ರಾಮಿಗೆ ಬಿಟ್ಟುಕೊಟ್ಟಿತು. ಕಂಪ್ಯೂಟರು ಗೊರಗೊರ ಅನ್ನುತ್ತಿದ್ದರೆ ತಾಯಿ ಮಗಳು ಅವರೆಕಾಯಿ ಸುಲಿಯುತ್ತ ಕಾದರು. ನಕ್ಷೆಯ ಮೇಲೆ ನೀಲಿ ಹರಡುತ್ತ ಹೋಗಿ ಸೀದಾ ಆ ಮಳಿಗೆಯ ಬಾಗಿಲಲ್ಲೇ ನಿಂತಿತು. ಸಿರಿಯ ಮುಖ ಸಣ್ಣದಾಯಿತು.

ಮಾರನೆಯ ದಿನ ಮಾಲೀಕ ಚಿಕ್ಕಬೈರಪ್ಪನವರ ಮುಂದೆ ಮೊಬೈಲಿನಲ್ಲಿ ನಕ್ಷೆ ಹಿಡಿಯುವಾಗ ಜಯಶೀಲಾಗೆ ಅಳುಕು. ಬಾಡಿಗೆ ಇಳಿಸಲು ಹೂಡಿದ ಆಟ ಎಂದುಕೊಂಡರೆ? ಚಿಕ್ಕಬೈರಪ್ಪನವರು ಮೊಬೈಲ್ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ನೀವಾಗೇ ಕೇಳೋವರ್ಗೂ ನಾನು ಹೇಳ್ತಿರ್ಲಿಲ್ಲ ಬಿಡಿ ಮೇಡಂ," ಎಂದರು ನಗುತ್ತ. "ಅದು ನಮ್ ಗದ್ದೆ ಇದ್ದ ತಗ್ಗು. ಮಗಳಿಗೆ ಮೇಲಿನ್ ಮಹಡಿ ಕೊಡ್ತೀನಿ, ಅದೇ ಬಾಡಿಗೆ."

ಸಿರಿ ಆಗಲೇ ಮೆಟ್ಟಿಲ ಕಡೆ ಹೊರಟಿದ್ದಳು. ಚಿಕ್ಕಬೈರಪ್ಪನವರು ಮಾತ್ರ ಮೊಬೈಲ್ ಹಿಂದಿರುಗಿಸಲಿಲ್ಲ. ತಲಘಟ್ಟಪುರದಲ್ಲಿ ತಮ್ಮದೊಂದು ಸೈಟಿದೆ, ಮುಂದಿನ ತಿಂಗಳು ಪಾಯ ತೆಗೆಸಬೇಕು, ಅದನ್ನೂ ಒಮ್ಮೆ ನೋಡಿಕೊಡಿ ಎಂದರು. ಸಂಜೆ ಮನೆಗೆ ಬನ್ನಿ ಎಂದ ಜಯಶೀಲಾಗೆ ಕಾಲೇಜಿನ ದಿನಗಳ ಹುರುಪೇ ಮರಳಿ ಬಂದಂತಿತ್ತು.