ನೀರಿನಲ್ಲಿ ಸೀಸ

ರಾಣೆಬೆನ್ನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಶ್ರೀವಾಣಿ ಒಂದು ಮಾತನ್ನೂ ಅಳೆಯದೆ ಆಡಿದವಳಲ್ಲ. ಕದರಮಂಡಲಗಿಯ ಶಂಕ್ರಪ್ಪನ ಪಡಸಾಲೆಯಲ್ಲಿ ಕೂತು, ಅವನ ಬೋರಿನ ನೀರನ್ನು ಕೆಂಪು ದ್ರವದ ಪುಟ್ಟ ನಳಿಗೆಗೆ ಬಿಡುವಾಗಲೂ ಅಷ್ಟೇ ಎಚ್ಚರ.

"ಇದರಾಗ ಬಂಗಾರದ ಕಣ ಅದಾವ್ರಿ, ಕಣ್ಣಿಗೆ ಕಾಣದಷ್ಟು ಸಣ್ಣವು. ಮ್ಯಾಲೆ ಡಿಎನ್ಎ ಎಳಿ ಹೊದಿಸೇವಿ. ನೀರು ಚಲೋ ಇದ್ರ ಕೆಂಪಗ ಉಳೀತದ. ಕೆಟ್ಟಿದ್ರ ಹೊದಿಕಿ ಕಳಚಿ, ಕಣ ಎಲ್ಲಾ ಗುಂಪುಗೂಡಿ ನೀಲಿ ಆಗ್ತದ."

"ನಮ್ಮ ಮೆಣಸಿನಕಾಯಿ ಇದ್ದಂಗ ಅನ್ರಿ. ಕೆಂಪಿದ್ರ ಕಿಮ್ಮತ್ತು," ಎಂದ ಶಂಕ್ರಪ್ಪ.

ಅವನ ಹೆಂಡತಿ ಪ್ರೇಮವ್ವ ಮೂಗು ಮುರಿದಳು. "ನೋಡ್ರಿ, ನೀರಿಗೂ ಬಂಗಾರ ಹಾಕ್ತಾರ. ನನ್ನ ಕೊರಳಿಗೆ ಹಾಕಂದ್ರ ಇವರಿಗೆ ಕಿವಿನ ಕೇಳಸೂದಿಲ್ಲ."

ಲೆಡ್ ಪತ್ತೆಗೆಂದೇ ಮಾಡಿದ ನಳಿಗೆ ನೀಲಿಗೆ ತಿರುಗಿತು.

ಬಾಗಿಲಿಗೆ ಒರಗಿ ನಿಂತ ಬಸುರಿ ಸೊಸೆ ಐಶ್ವರ್ಯಳನ್ನು ಶ್ರೀವಾಣಿ ನೋಡಿದಳು. ವಿಷ ಎಂದರೆ ಹುಡುಗಿ ಹೆದರಿಯಾಳು. ಲೆಡ್ ಎಂದರೆ ಹಳ್ಳಿಯವರಿಗೆ ತಿಳಿಯದು. ಕನ್ನಡದ್ದೇ ಒಂದು ಶಬ್ದ ಇರುವಾಗ ಚಿಂತೆ ಯಾಕೆ?

"ನೀರಿನಾಗ ಸೀಸ ಅದ. ಹೊಟ್ಟ್ಯಾಗಿನ ಕೂಸಿಗೆ ಒಳ್ಳೇದಲ್ಲ. ಸೀಸ ಹೋಗೋತನಾ ಇದನ್ನ ಕುಡೀಬ್ಯಾಡ್ರಿ. ದೊಡ್ಡ ಲ್ಯಾಬಿಗೂ ಕಳಸ್ತೀನಿ."

"ತಗಸ್ತೀನ್ರಿ ಮೇಡಂ, ಇವತ್ತ ತಗಸ್ತೀನಿ," ಎಂದ ಶಂಕ್ರಪ್ಪ ಗಂಭೀರವಾಗಿ.

ಎಷ್ಟು ಬೇಗ ಅರ್ಥಮಾಡಿಕೊಂಡ! ಆದರೂ ಕದರಮಂಡಲಗಿ ಕಡೆಯ ಬಸ್ಸು ಕಂಡಾಗಲೆಲ್ಲ ಶ್ರೀವಾಣಿಗೆ ಐಶ್ವರ್ಯಳ ನೆನಪಾಗುತ್ತಿತ್ತು. ಭಾನುವಾರ ತಡೆಯದೆ ಮತ್ತೆ ಹೋದಳು.

"ಬರ್ರಿ, ಕುಂದ್ರಿ! ನೀರಿನ ಟಾಕಿ ಖಾಲಿ ಮಾಡಿಸಿದ್ವಿ. ಖರೇನ ಸಿಕ್ತು ನೋಡ್ರಿ!" ಪ್ರೇಮವ್ವ ಕಟ್ಟೆಯ ಮೇಲಿಂದ ಖಾಲಿ ಬ್ರಾಂಡಿ ಬಾಟಲಿಯೊಂದನ್ನು ಎತ್ತಿ ಹಿಡಿದಳು. "ಸೀಸಾ! ಯಾವ ಕುಡುಕ ಒಗದಿದ್ನೋ. ಟಾಕಿ ಹತ್ತದನ ಹೆಂಗ ಗುರ್ತು ಹಿಡದ್ರಿ?"

ಬಾಟಲಿಗೆ ಸೀಸಾ ಎನ್ನುವುದು ಶ್ರೀವಾಣಿಯ ಮನೆಯಲ್ಲೂ ಇತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ.

"ಟಾಕಿ ತೊಳದಾಗಿಂದ ನೀರು ಭಾಳ ರುಚಿ ಆಗ್ಯಾವ್ರಿ," ಎನ್ನುತ್ತ ಐಶ್ವರ್ಯ ತುಂಬಿದ ಲೋಟವನ್ನು ಬಾಯಿಗೆತ್ತಿದಳು.

"ವಿಷ!" ಶ್ರೀವಾಣಿ ಚೀರಿ ಲೋಟವನ್ನು ಕಸಿದಳು. "ಬಾಟಲಿ ಅಲ್ರೀ! ಲೆಡ್! ಲೆಡ್!"

ಶಂಕ್ರಪ್ಪ ಹಿತ್ತಲಿನ ಶೆಡ್ಡಿನತ್ತ ತಿರುಗಿದ. ಅದನ್ನು ಮೆಣಸಿನಕಾಯಿಯ ಶೆಡ್ಡೆಂದೇ ಶ್ರೀವಾಣಿ ತಿಳಿದಿದ್ದಳು. ಅಲ್ಲಿ ಹಳೇ ಬ್ಯಾಟರಿ ಒಡೆದು, ಒಳಗಿನ ಲೆಡ್ ಬಿಡಿಸಿ ರಾಣೆಬೆನ್ನೂರಿಗೆ ಸಾಗಿಸುವುದೇ ಅವನ ದಂಧೆ. ತೊಳೆದ ನೀರು ಬೋರಿನ ಪಕ್ಕದಲ್ಲೇ ಇಂಗುತ್ತಿತ್ತು.

"ಲೆಡ್ಡೇನ್ರಿ?" ಅವನ ದನಿ ಇಳಿಯಿತು. "ಆವತ್ತ ಹಿಂಗ ಕನ್ನಡದಾಗ ಹೇಳಾಕ ಏನಾಗಿತ್ರಿ ಮೇಡಂ?"

"ಮೊದಲ ಇಕಿನ್ನ ಹಾವೇರಿ ದವಾಖಾನಿಗೆ ಕರಕೊಂಡು ಹೋಗಿ ರಕ್ತಾ ತೋರಸ್ರಿ," ಎಂದಳು ಶ್ರೀವಾಣಿ.

ಪ್ರೇಮವ್ವ ಆಗಲೇ ಬೋರಿನ ಮೋಟರಿನ ಫ್ಯೂಸ್ ಕಿತ್ತು ಸೆರಗಿಗೆ ಗಂಟು ಹಾಕುತ್ತಿದ್ದಳು.

"ಏ, ಶೆಡ್ಡಿಗೂ ಅದೇ ಲೈನ್ ಐತಿ!" ಎಂದ ಶಂಕ್ರಪ್ಪ.

"ಗೊತ್ತೈತಿ," ಎಂದಳು ಪ್ರೇಮವ್ವ, ಸೊಸೆಯ ಮುಂದೆ ಚಪ್ಪಲಿ ತಂದಿಡುತ್ತ.