ನವಾಬನ ತೂಕ

ಆಡಿನ ಹೊಟ್ಟೆಯ ಕೆಳಗೆ ಕೈ ಹಾಕಿ ಒಮ್ಮೆ ಎತ್ತಿದರೆ ಸಾಕು, ಮೈನುದ್ದೀನ ತೂಕ ಹೇಳಿಬಿಡುತ್ತಿದ್ದ. ಗಜೇಂದ್ರಗಡದ ಸಂತೆಯಲ್ಲಿ ಅವನ ಮಾತಿನ ಮೇಲೆಯೇ ವ್ಯಾಪಾರ ಕುದುರುತ್ತಿತ್ತು. ತಕ್ಕಡಿ ಕೇಳಿದವನ ಜೊತೆ ಅವನು ಆ ದಿನ ಚಹಾ ಕುಡಿಯುತ್ತಿರಲಿಲ್ಲ. ಗರ್ವವೇ ಸರಿ, ಆದರೆ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅಂಥವನ ಮನೆಯಲ್ಲಿ ನವಾಬನಿದ್ದ. ನವಾಬ ಎಂದರೆ ಹಸಿರು ಇಗ್ವಾನಾ, ಪರದೇಶದ ದೊಡ್ಡ ಹಲ್ಲಿ. ಮಗಳು ಸಿಮ್ರಾನ ಮುದ್ದಿನಿಂದ ಸಾಕಿದ್ದು. ಪರೀಕ್ಷೆಗೆಂದು ತಿಂಗಳಮಟ್ಟಿಗೆ ಗದಗಿಗೆ ಹೊರಟಾಗ ಅವಳು ಗಾಜಿನ ಪೆಟ್ಟಿಗೆಯನ್ನು ಅಪ್ಪನಿಗೆ ಒಪ್ಪಿಸಿ, "ನಾ ಬರೂತನಾ ಇವನ ಜವಾಬ್ದಾರಿ ನಿಂದು, ಅಬ್ಬಾ" ಎಂದಿದ್ದಳು. "ಹಲ್ಲಿಗೇನ ಧಾಡಿ ಆಗೇತಿ" ಎಂದು ಗೊಣಗಿದ ಮೈನುದ್ದೀನ ಮರುದಿನದಿಂದ ಅದರ ಮೇವಿಗೆ ದಾಸವಾಳದ ಹೂ ಹುಡುಕುತ್ತ ಓಣಿಯೆಲ್ಲ ತಿರುಗಿದ.

ಬರಬರುತ್ತ, ಹಾಕಿದ ಹೂ ಪೆಟ್ಟಿಗೆಯಲ್ಲಿ ಹಾಗೇ ಬಾಡತೊಡಗಿದವು. ನವಾಬ ನೀರಿನ ಬಟ್ಟಲು ಬಿಟ್ಟು ಏಳಲೊಲ್ಲ. ಕಣ್ಣಿನ ಸುತ್ತ, ದವಡೆಯ ಮಡಿಕೆಯಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕಿಗಳಿದ್ದವು. ನೋಡನೋಡುತ್ತ ಅವು ಹರಿದಾಡಿದವು.

ಹೊಸ ಆಡು ತಂದರೆ ಹಿಂಡಿಗೆ ಬಿಡುವ ಮೊದಲು ಉಣ್ಣಿ ಔಷಧಿ ಹಚ್ಚುವುದು ಮೈನುದ್ದೀನನ ರೂಢಿ. ಅದೇ ಬಾಟಲಿ ತಂದು, ನೀರು ಬೆರೆಸಿ, ಅರಿವೆಯಲ್ಲಿ ಅದ್ದಿ ಮೊದಲು ನವಾಬನ ಬಾಲಕ್ಕೆ ಹಚ್ಚಿ ನೋಡಿದ. ಸ್ವಲ್ಪ ಹೊತ್ತಿಗೆ ಹಿಂಗಾಲು ನಡುಗತೊಡಗಿದವು.

ಹೆಂಡತಿ ಕಮರುನ್ನಿಸಾ ಬಾಟಲಿ ಕಸಿದುಕೊಂಡಳು. "ಆಡಿನ ಔಷಧಿ ಇದಕ್ಯಾಕ ಹಚ್ಚಿದಿ? ಲಗೂ ತೊಳಿ." ಇಬ್ಬರೂ ಉಗುರುಬೆಚ್ಚಗಿನ ನೀರಲ್ಲಿ ಮತ್ತೆ ಮತ್ತೆ ತೊಳೆದರು. ಮೈನುದ್ದೀನನಿಗೆ ಒಂದೇ ಚಿಂತೆ: ಇದು ಸತ್ತರೆ ಮಗಳಿಗೆ ಯಾವ ಮುಖ ತೋರಿಸುವುದು?

ನವಾಬನನ್ನು ಬುಟ್ಟಿಯಲ್ಲಿಟ್ಟುಕೊಂಡು ಗಾಡಿಯ ಮೇಲೆ ರೋಣಕ್ಕೆ ಧಾವಿಸಿದ. ಅಲ್ಲಿನ ದನದ ಡಾಕ್ಟರ್ ಅನ್ನಪೂರ್ಣೇಶ್ವರಿ ಇಗ್ವಾನಾ ನೋಡಿದ್ದು ಅದೇ ಮೊದಲು. ಅದನ್ನು ಮುಚ್ಚಿಡದೆ, ಇಂಥ ಪ್ರಾಣಿಗಳನ್ನೇ ನೋಡುವ ಹುಬ್ಬಳ್ಳಿಯ ಗೆಳತಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡು ಮೈನುದ್ದೀನನತ್ತ ತಿರುಗಿದರು.

"ತೊಳದಿದ್ದು ಚಲೋ ಆತು. ಆಡಿನ ಔಷಧಿ, ತಂಬಾಕಿನ ನೀರು, ಸೀಮಿಎಣ್ಣಿ, ಯಾವುದೂ ಮುಟ್ಟಿಸಬ್ಯಾಡ್ರಿ. ಪೆಟ್ಟಿಗ್ಯಾಗಿನ ಕಟ್ಟಿಗಿ, ಹೊಟ್ಟು ಹೊರಗ ಒಗೀರಿ. ಪೆಟ್ಟಿಗಿ ಬಿಸಿನೀರಾಗ ತಿಕ್ಕಿ ಬರೇ ಕಾಗದ ಹಾಸ್ರಿ, ದಿನಾ ಬದಲಿ ಮಾಡ್ರಿ. ಇದಕ್ಕ ಒಗ್ಗೋ ಔಷಧಿ ಬರದು ಕೊಡ್ತೀನಿ, ಆದ್ರ ಅದು ತೂಕದ ಲೆಕ್ಕ. ಎಷ್ಟೈತಿ?"

ಮೈನುದ್ದೀನ ನವಾಬನನ್ನು ಅಂಗೈಯಲ್ಲಿ ಎತ್ತಿದ. "ಬರೋಬ್ಬರಿ ಒಂದ ಕಿಲೋರಿ."

"ಅಂದಾಜು ಬ್ಯಾಡ್ರಿ. ನಮ್ಮ ತೂಕದ ಕಾಟಾ ಕರುಗಳದು, ಇಷ್ಟ ಸಣ್ಣ ತೂಕ ತೋರ್ಸಂಗಿಲ್ಲ. ಎದುರಿಗೆ ಬೆಳ್ಳಿ ಅಂಗಡಿ ಐತಿ, ತೂಗಿಸಿಕೊಂಡ ಬರ್ರಿ."

"ಇಡೀ ಸಂತಿ ನಂಬೋ ಕೈರಿ ಇದು" ಎಂದ. ಡಾಕ್ಟರ್ ಬೆಳ್ಳಿ ಅಂಗಡಿಯತ್ತ ಕೈ ತೋರಿಸಿದರು. ಮುಖ ಗಂಟಿಕ್ಕಿಕೊಂಡೇ ಎದ್ದ.

ಕಾಲುಂಗುರ ತೂಗುವ ತಟ್ಟೆಯ ಮೇಲೆ ಹಲ್ಲಿ ಕಂಡು ಅಂಗಡಿಯ ಮುತ್ತಣ್ಣ ಕುರ್ಚಿ ಹಿಂದೆ ಸರಿಸಿದ. "ಇದನ್ನ ಯಾರ ಕೊಳ್ಳಾಗ ಹಾಕಾವ್ರದೀರಿ ಸಾಹೇಬ್ರ?" ಎಂದು ನಕ್ಕು, ಅಂಕಿ ಓದಿದ. "ಏಳನೂರಾ ನಲವತ್ತ ಗ್ರಾಂ."

ಮೈನುದ್ದೀನ ಇನ್ನೊಮ್ಮೆ ಇಡಿಸಿದ. ಅಷ್ಟೇ. ಆಗ ಅವನಿಗೆ ತಿಳಿಯಿತು. ಒಂದು ಕಿಲೋ ಇದ್ದದ್ದು ಮಗಳು ಒಪ್ಪಿಸಿ ಹೋದ ದಿನ ಎತ್ತಿ ನೋಡಿದಾಗ. ತನ್ನ ಸುಪರ್ದಿಯಲ್ಲಿ ಜೀವ ಸೊರಗಿದ್ದನ್ನು ಒಪ್ಪಲು ಅವನ ಕೈಗೆ ಮನಸ್ಸಿರಲಿಲ್ಲ. ಆ ಕೈಯನ್ನು ನಂಬಿ ಒಂದು ಕಿಲೋದ ಲೆಕ್ಕದಲ್ಲಿ ಔಷಧಿ ಹಾಕಿದ್ದರೆ ಎಂದು ನೆನೆದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಮುತ್ತಣ್ಣ ನಗು ನಿಲ್ಲಿಸಿ ನೀರು ಕೊಟ್ಟ.

ಪರೀಕ್ಷೆ ಮುಗಿಸಿ ಸಿಮ್ರಾನ ಊರಿಗೆ ಬಂದಾಗ, ತೂಕಕ್ಕೆ ತಕ್ಕ ಔಷಧಿಯಿಂದ ಚೇತರಿಸಿಕೊಂಡ ನವಾಬ ಕಾಗದದ ಮೇಲೆ ಕೂತು ದಾಸವಾಳ ಮೆಲ್ಲುತ್ತಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ಅಪ್ಪ ಹೇಳಿಬಿಟ್ಟ. "ಹುಳ ಆಗಿದ್ವು. ಆಡಿನ ಔಷಧಿ ಹಚ್ಚಿಬಿಟ್ಟಿದ್ದೆ ಬೇಟಾ. ನನ್ನ ಕೈಯಾರ ಕೊಲ್ತಿದ್ದೆ."

ಸಿಮ್ರಾನಳ ಕಣ್ಣು ತುಂಬಿದವು. ಕೊನೆಗೆ ನವಾಬನನ್ನು ಎತ್ತಿ ಅಪ್ಪನ ಅಂಗೈಯಲ್ಲಿಟ್ಟಳು.

"ಈಗ ಹೇಳು ಅಬ್ಬಾ, ಎಷ್ಟ ಅದಾನ?"

"ತಡಿ" ಎಂದ ಮೈನುದ್ದೀನ. "ತಕ್ಕಡಿ ತಂದೀನಿ, ಒಳಗೈತಿ."